ಒಂದೇ ಓಟದಲ್ಲಿ ಹಲವು ಪದಬದಲಾವಣೆ

ಉದ್ದದ ಬರಹವೊಂದರಲ್ಲಿ ಹಲವು ಪದಗಳನ್ನು ಬದಲಿಸಬೇಕಾದಾಗ ‘ಫೈಂಡ್ ಅಂಡ್ ರಿಪ್ಲೇಸ್’ ಅನ್ನು ಒಂದಾದ ಮೇಲೊಂದರಂತೆ ನಡೆಸುವುದು ರೂಢಿ. ಈ ಕ್ರಮದಲ್ಲಿ ಮೊದಲ ಬದಲಾವಣೆಯಿಂದ ಹುಟ್ಟಿದ ಪದವನ್ನು ಎರಡನೆಯದು ಮತ್ತೆ ಹಿಡಿಯುತ್ತದೆ. ‘ಎಡಗಡೆ ಗುಡಿ, ಬಲಗಡೆ ಕೆರೆ’ ಎಂಬಲ್ಲಿ ಎಡಬಲಗಳನ್ನು ಅದಲುಬದಲು ಮಾಡಬೇಕೆಂದುಕೊಳ್ಳೋಣ. ಎಡವನ್ನು ಬಲ ಮಾಡಿದೊಡನೆ ಎರಡೂ ಕಡೆ ‘ಬಲ’ವೇ ಉಳಿಯುತ್ತದೆ. ಬಳಿಕ ಬಲವನ್ನು ಎಡ ಮಾಡಿದರೆ ಗುಡಿಯೂ ಎಡಕ್ಕೆ, ಕೆರೆಯೂ ಎಡಕ್ಕೆ!

ಇದಕ್ಕೆ ಪರಿಹಾರ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಹುಡುಕಬೇಕಾದ ಪಠ್ಯದ ಮಾದರಿಯನ್ನು ಚಿಹ್ನೆಗಳಲ್ಲಿ ಬರೆಯುವ ಪದ್ಧತಿ. ಇದರ ಗಣಿತವನ್ನು 1950ರ ದಶಕದಲ್ಲಿ ರೂಪಿಸಿದವರು ಅಮೆರಿಕದ ಸ್ಟೀಫನ್ ಕ್ಲೀನಿ; ಕಂಪ್ಯೂಟರಿನಲ್ಲಿ ಪಠ್ಯ ಹುಡುಕಲು ಅದನ್ನು ಬಳಸುವ ವಿಧಾನವನ್ನು ಕೆನ್ ಥಾಂಪ್ಸನ್ 1968ರಲ್ಲಿ ಪ್ರಕಟಿಸಿದರು. ಈ ಪದ್ಧತಿಯಲ್ಲಿ ‘|’ ಗೆರೆಗೆ ‘ಅಥವಾ’ ಎಂದರ್ಥ. ‘ಎಡ|ಬಲ’ ಎಂಬ ಮಾದರಿಯನ್ನೂ ಯಾವ ಪದಕ್ಕೆ ಯಾವುದೆಂಬ ಪಟ್ಟಿಯನ್ನೂ ಕೊಟ್ಟರೆ ಕಂಪ್ಯೂಟರ್ ಪಠ್ಯವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಓದುತ್ತದೆ, ಎದುರಾದ ಪದಕ್ಕೆ ಪಟ್ಟಿಯಲ್ಲಿರುವ ಜೋಡಿಯನ್ನು ಇಟ್ಟು ಮುಂದೆ ಹೋಗುತ್ತದೆ. ಹೊಸದಾಗಿ ಇಟ್ಟ ಪದವನ್ನು ಅದು ತಿರುಗಿ ನೋಡುವುದಿಲ್ಲ. ಪೈಥಾನ್, ಪರ್ಲ್, ಜಾವಾಸ್ಕ್ರಿಪ್ಟ್ ಎಂಬ ಮೂರೂ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಈ ಸೌಲಭ್ಯವಿದೆ.

ಪಟ್ಟಿ ಮಾಡುವುದರಲ್ಲೇ ನಿಜವಾದ ಜಾಣ್ಮೆಯಿರುವುದು. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಹಳೆಯ ಕಡತವೊಂದರಲ್ಲಿ ‘ಬೆಳಗಾಂ’ ಇದ್ದ ಕಡೆಯೆಲ್ಲ ‘ಬೆಳಗಾವಿ’ ಎಂದು ತಿದ್ದಿದರೆ ‘ಬೆಳಗಾಂಗೆ’ ಎಂಬುದು ‘ಬೆಳಗಾವಿಗೆ’ ಎಂದು ಸರಿಯಾಗುತ್ತದೆ. ‘ಬೆಳಗಾಂನಲ್ಲಿ’ ಮಾತ್ರ ‘ಬೆಳಗಾವಿನಲ್ಲಿ’ ಎಂದು ಕೆಡುತ್ತದೆ. ಆದ್ದರಿಂದ ‘ಬೆಳಗಾಂನ’ ಬಂದರೆ ‘ಬೆಳಗಾವಿಯ’ ಎಂಬ ಇನ್ನೊಂದು ನಿಯಮ ಬೇಕು. ಈ ಒಂದೇ ನಿಯಮದಿಂದ ‘ಬೆಳಗಾವಿಯಲ್ಲಿ’, ‘ಬೆಳಗಾವಿಯಿಂದ’ ಎರಡೂ ಸರಿಹೋಗುತ್ತವೆ. ಯುನಿಕೋಡ್ ಅಕ್ಷರಸಂಕೇತ ಪದ್ಧತಿಯಲ್ಲಿ ‘ಬೆಳಗಾಂನಿಂದ’ ಎಂಬುದರಲ್ಲಿನ ‘ನಿ’ ‘ನ’ ಮತ್ತು ಇಕಾರದ ಚಿಹ್ನೆ ಎಂಬ ಎರಡು ಸಂಕೇತಗಳಾಗಿ ಇರುವುದರಿಂದ, ‘ನ’ ಹೋಗಿ ‘ಯ’ ಬಂದರೂ ಇಕಾರ ತನ್ನ ಜಾಗದಲ್ಲೇ ಉಳಿಯುತ್ತದೆ. ಕನ್ನಡದ ವಿಭಕ್ತಿಗಳಿಗೆ ಇದು ಬಹಳ ಒಗ್ಗುವ ಗುಣ. ಗುಲ್ಬರ್ಗ–ಕಲಬುರಗಿಗೆ ಇದೇ ಬಗೆಯ ನಿಯಮದ ಜೊತೆಗೆ ‘ಗುಲ್ಬರ್ಗಕ್ಕೆ’ಯಂಥ ರೂಪಗಳಿಗೂ ನಿಯಮ ಬೇಕು.

ಆದರೆ ಪೈಥಾನ್, ಪರ್ಲ್‌ಗಳು ಉದ್ದದ ಪದವನ್ನು ತಾವಾಗಿ ಆರಿಸುವುದಿಲ್ಲ. ಪಟ್ಟಿಯಲ್ಲಿ ಮೊದಲು ಹೊಂದಿದ್ದನ್ನೇ ಹಿಡಿಯುತ್ತವೆ. ‘ಬೆಳಗಾಂ’ ಮುಂದಿದ್ದರೆ ‘ಬೆಳಗಾಂನ’ ನಿಯಮಕ್ಕೆ ಸರದಿಯೇ ಬರುವುದಿಲ್ಲ. ಉದ್ದದ ರೂಪಗಳನ್ನು ಯಾವಾಗಲೂ ಮೊದಲಿಡಬೇಕು. ಹಾಗೆಯೇ ‘ಕಿ.ಮೀ.’ಯಂಥ ಪದಗಳಲ್ಲಿ ಬರುವ ಚುಕ್ಕಿಗೆ ಈ ಪದ್ಧತಿಯಲ್ಲಿ ‘ಯಾವುದೇ ಒಂದು ಅಕ್ಷರ’ ಎಂಬ ಅರ್ಥವಿರುವುದರಿಂದ ಅದರ ಹಿಂದೆ ಓರೆಗೆರೆ ‘\’ ಹಾಕಬೇಕು.

ಪದದ ಗಡಿಯ ಪ್ರಶ್ನೆ ಇನ್ನೂ ಕಠಿಣ. ಎಡಬಲದ ನಿಯಮವನ್ನು ಹಾಗೇ ಬಿಟ್ಟರೆ ‘ಬಲೆ’ ಹೋಗಿ ‘ಎಡೆ’ಯಾಗುತ್ತದೆ, ‘ಪ್ರಬಲ’ವಂತೂ ‘ಪ್ರಎಡ’. ಇಂಗ್ಲಿಷ್‌ನಲ್ಲಿ ಇಂಥದ್ದನ್ನು ತಡೆಯುವ ಗಡಿಚಿಹ್ನೆಯೊಂದಿದೆ. ಆದರೆ ಪೈಥಾನ್‌ನ ಮೂಲ ಗ್ರಂಥಾಲಯ ನಮ್ಮ ಸ್ವರಚಿಹ್ನೆಗಳನ್ನು ಪದದ ಭಾಗವೆಂದು ಎಣಿಸುವುದೇ ಇಲ್ಲ. ಹಾಗಾಗಿ ‘ಬಲೆ’ಯ ಲಕಾರಕ್ಕೇ ಪದ ಮುಗಿಯಿತೆಂದು ಅದು ತಿಳಿಯುತ್ತದೆ. ಹಿಂದೆ ಕನ್ನಡದ ಅಕ್ಷರವಾಗಲಿ ಮುಂದೆ ಸ್ವರಚಿಹ್ನೆಯಾಗಲಿ ಇರಬಾರದೆಂಬ ಷರತ್ತನ್ನು ಕೈಯಾರೆ ಸೇರಿಸಬೇಕು. ಆಗಲೂ ‘ಬಲವಂತ’ ನುಸುಳುತ್ತದೆ. ‘ಎಡಗಡೆ’, ‘ಬಲಗಡೆ’, ‘ಎಡಗೈ’, ‘ಬಲಗೈ’ ಎಂದು ಪೂರ್ಣ ರೂಪಗಳನ್ನೇ ಪಟ್ಟಿಗೆ ಹಾಕುವುದು ಹೆಚ್ಚು ಸುರಕ್ಷಿತ.

ಪದಗಳು ಸಾವಿರಾರು ಆದಾಗ ಗೆರೆ ಹಾಕಿ ಜೋಡಿಸಿದ ಮಾದರಿ ನಿಧಾನವಾಗಬಹುದು. ಅಂಥಲ್ಲಿ ಆಲ್‌ಫ್ರೆಡ್ ಏಹೋ ಮತ್ತು ಮಾರ್ಗರೆಟ್ ಕೊರಾಸಿಕ್ 1975ರಲ್ಲಿ ಪ್ರಕಟಿಸಿದ ವಿಧಾನ ಉಪಯುಕ್ತ. ಅದು ಎಲ್ಲ ಪದಗಳನ್ನೂ ಒಟ್ಟಿಗೆ ಹುಡುಕುತ್ತದೆ.

ಅರ್ಥ ತಿಳಿಯುವ ಶಕ್ತಿ ಇವುಗಳಲ್ಲಿ ಯಾವುದಕ್ಕೂ ಇಲ್ಲ. ‘ಬಿಜಾಪುರ’ವನ್ನು ‘ವಿಜಯಪುರ’ ಮಾಡುವ ನಿಯಮ ಛತ್ತೀಸಗಢದ ಬಿಜಾಪುರವನ್ನೂ ಬದಲಿಸಿಬಿಡುತ್ತದೆ. ದೇವನಹಳ್ಳಿ ತಾಲ್ಲೂಕಿನಲ್ಲಿ ಮೊದಲಿಂದಲೂ ವಿಜಯಪುರವೊಂದು ಇರುವುದರಿಂದ, ಆ ಬದಲಾವಣೆಯನ್ನು ಉಲ್ಟಾ ನಿಯಮ ಹಾಕಿ ಹಿಂದಕ್ಕೆ ತರಲೂ ಆಗದು. ಕಡತದ ಮೂಲಪ್ರತಿಯನ್ನು ಬೇರೆ ಕಡೆ ಉಳಿಸಿಕೊಂಡೇ ಈ ಕೆಲಸಕ್ಕೆ ಕೈಹಾಕಬೇಕು.