ನಿಮಗಿದು ಗೊತ್ತೇ? ಕಾರಿಗೂ ಹುಳು ಹಿಡಿಯುತ್ತೆ!

ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್ ರಾಯ್ಸ್ ಕಾರ್ಖಾನೆಯಿಂದ ಪೂರ್ತಿ ಕಾರು ಹೊರಬರುತ್ತಲೇ ಇರಲಿಲ್ಲ! ಚಾಸಿ, ಎಂಜಿನ್, ಚಕ್ರ, ಮುಂದೊಂದು ರೇಡಿಯೇಟರ್. ಅಷ್ಟೇ. ಬಾಡಿ ಕಟ್ಟಿಸಲು ಹೂಪರ್, ಬಾರ್ಕರ್ ಥರದ ಕಂಪನಿಗಳಿದ್ದವು. ಇವರೆಲ್ಲ ಮೂಲದಲ್ಲಿ ಸಾರೋಟು ಕಟ್ಟುತ್ತಿದ್ದವರು. ದರ್ಜಿಗೆ ಅಳತೆ ಕೊಟ್ಟ ಹಾಗೆ ಸೀಟಿನ ಎತ್ತರ, ಕಿಟಕಿಯ ಅಗಲ ಎಲ್ಲವನ್ನೂ ಹೇಳಿ ಮಾಡಿಸಿಕೊಳ್ಳಬೇಕು. ಹಾಗಾಗಿ ಒಂದೇ ಮಾಡೆಲ್ಲಿನ ಎರಡು ಕಾರು ಅಕ್ಕಪಕ್ಕ ನಿಂತಿದ್ದರೂ ಇದರ ಬಾಗಿಲು ಅದಕ್ಕೆ ಕೂರದೇ ಇರಬಹುದು. ಸ್ಪೇರ್ ಪಾರ್ಟಿಗೆ ಎಲ್ಲಿ ಹೋಗ್ತೀರಿ?

ಆ ಬಾಡಿಯ ಒಳಗಿರುವುದು ಮರ! ಆ್ಯಶ್ ಎಂಬ ಮರದ ಚೌಕಟ್ಟು, ಅದರ ಮೇಲೆ ಹೊಡೆದು ಕೂರಿಸಿದ ಅಲ್ಯೂಮಿನಿಯಂ ತಗಡು. ಹೊರಗೆ ಫಳಫಳ, ಒಳಗೆ ಹುಳು ಕೊರೆದು ಹಿಟ್ಟುಹಿಟ್ಟು. ಇಂಥ ಕಾರು ಎದುರಿಗೆ ಸಿಕ್ಕರೆ ಬಾಗಿಲು ತೆರೆದು ಮೆಲ್ಲಗೆ ಮೇಲಕ್ಕೆತ್ತಿ ನೋಡಿ. ಹಿಂಜು ಗಟ್ಟಿಯಾಗಿದ್ದೂ ಬಾಗಿಲು ಲೊಡಲೊಡ ಅಂದರೆ ಒಳಗಿನ ಮರ ಕೈಕೊಟ್ಟಿದೆ ಎಂದೇ ಲೆಕ್ಕ. ಮೆಕ್ಯಾನಿಕ್ ಆಮೇಲೆ ಬರಲಿ, ಮೊದಲು ಬಡಗಿಯನ್ನು ಕರೆಸಿ!

ಕ್ಲಚ್ಚಿಗೆ ಚರ್ಮ ಹಾಕುತ್ತಿದ್ದ ಕಾಲವೊಂದಿತ್ತು. ಹೆಸರಾಂತ ಸಿಲ್ವರ್ ಘೋಸ್ಟ್ ಕಾರಿನದೂ ಅದೇ ಕಥೆ. ಚರ್ಮ ಒಣಗಿ ಬಿರುಸಾದರೆ ಕಾರು ಗಕ್ಕನೆ ಜಿಗಿಯುತ್ತೆ. ಅದಕ್ಕೆ ದನದ ಕಾಲುಮೂಳೆ ಕುದಿಸಿ ತೆಗೆದ ಎಣ್ಣೆ ಸವರಬೇಕು. ಎಣ್ಣೆ ಹೆಚ್ಚಾಗಿ ಜಾರತೊಡಗಿದರೆ? ಫುಲ್ಲರ್ಸ್ ಅರ್ಥ್ ಎಂಬ ಪುಡಿ ಉದುರಿಸಬೇಕು. ಅದೇ ರೀ, ನಿಮ್ಮ ಮನೆಯ ಕನ್ನಡಿ ಪಕ್ಕದಲ್ಲಿರುವ ಮುಲ್ತಾನಿ ಮಿಟ್ಟಿ!

ಹೆಡ್‌ಲೈಟಿಗೆ ನೀರು ಹಾಕಿದರೆ ಉರಿಯುತ್ತಿತ್ತು ಅಂದರೆ ನಂಬ್ತೀರಾ? ಕ್ಯಾಲ್ಸಿಯಂ ಕಾರ್ಬೈಡ್ ತುಂಬಿದ ಡಬ್ಬಿಗೆ ಹನಿಹನಿಯಾಗಿ ನೀರು ಬೀಳುತ್ತೆ, ಅಸಿಟಿಲೀನ್ ಅನಿಲ ಏಳುತ್ತೆ, ಗೀರಿದರೆ ಬೆಳ್ಳನೆಯ ಬೆಳಕು! ಮಾವಿನಕಾಯಿ ಹಣ್ಣು ಮಾಡಲು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ ಕಾರ್ಬೈಡ್.

ಮೊದಮೊದಲ ಟೈರುಗಳ ಬಣ್ಣ ಬಿಳಿ! ರಬ್ಬರಿಗೆ ಸತುವಿನ ಆಕ್ಸೈಡ್ ಬೆರೆಸುತ್ತಿದ್ದರು. ಮಸಿ ಬೆರೆಸಿದರೆ ಟೈರು ಎಷ್ಟೋ ಪಟ್ಟು ಹೆಚ್ಚು ಬಾಳುತ್ತೆ ಎಂದು ತಿಳಿದ ಮೇಲೆ ಕಪ್ಪಾದವು.

ಹ್ಯಾಂಡಲ್ ಹೊಡೆದು ಕಾರು ಸ್ಟಾರ್ಟ್ ಮಾಡುವಾಗ ಹೆಬ್ಬೆರಳಿನಿಂದ ಹ್ಯಾಂಡಲ್ಲನ್ನು ಸುತ್ತಿ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯಿತು! ಮಣಿಕಟ್ಟಿನ ಒಂದು ಬಗೆಯ ಮೂಳೆಮುರಿತಕ್ಕೆ ವೈದ್ಯರು ಇಂದಿಗೂ 'ಶೋಫರ್ಸ್ ಫ್ರಾಕ್ಚರ್' ಎನ್ನುತ್ತಾರೆ. 1912ರ ಕ್ಯಾಡಿಲ್ಯಾಕ್ ಕಾರಿಗೆ ಎಲೆಕ್ಟ್ರಿಕ್ ಸ್ಟಾರ್ಟರ್ ಬಂದಾಗ ಎಷ್ಟು ಕೈಗಳು ಉಳಿದವೋ!

ಡ್ರೈವಿಂಗ್ ಚೆನ್ನಾಗಿ ಗೊತ್ತು ಅಂತ ಬೀಗಬೇಡಿ. 1920ರ ದಶಕದ ಬೆಂಟ್ಲಿಯಲ್ಲಿ ಆಕ್ಸಿಲರೇಟರ್ ನಡುವೆ ಇದೆ, ಬ್ರೇಕು ಬಲಕ್ಕೆ! ಗಾಬರಿಯಲ್ಲಿ ಹಳೇ ಅಭ್ಯಾಸದಂತೆ ಕಾಲು ನಡುವೆ ಒತ್ತಿದರೆ ಮುಂದೇನಾಗುತ್ತೆ, ನೀವೇ ಊಹಿಸಿ.

ಈಗ ಎಂಜಿನ್ ಒಳಗೊಮ್ಮೆ ಇಣುಕೋಣ. ಈಗಿನ ಕಾರಿನ ಬೇರಿಂಗು ಸವೆದರೆ ಅಂಗಡಿಯಿಂದ ತಂದು ಹಾಕಿದರಾಯಿತು. ಆಗಿನದನ್ನು ಕಾರಿನ ಅಳತೆಗೇ ಎರಕ ಹೊಯ್ಯಬೇಕು! ತವರಕ್ಕೆ ಒಂದಿಷ್ಟು ಆಂಟಿಮನಿ, ಒಂದಿಷ್ಟು ತಾಮ್ರ ಸೇರಿಸಿ ಕರಗಿಸಿ ಸುರಿಯುತ್ತಾರೆ. ತಣಿದ ಮೇಲೆ ಶುರು ನಿಜವಾದ ಕೆಲಸ. ಕ್ರ್ಯಾಂಕ್ ಶಾಫ್ಟಿಗೆ ತೆಳ್ಳಗೆ ನೀಲಿ ಬಣ್ಣ ಬಳಿದು, ಕೂರಿಸಿ, ತಿರುಗಿಸಿ, ತೆಗೆಯುತ್ತಾರೆ. ಬೇರಿಂಗಿನಲ್ಲಿ ನೀಲಿ ಅಂಟಿದ ಕಡೆ ಉಬ್ಬಿದೆ ಎಂದರ್ಥ. ಅಲ್ಲಿ ಮಾತ್ರ ಕೂದಲೆಳೆಯಷ್ಟು ಹೆರೆಯುತ್ತಾರೆ. ಮತ್ತೆ ಬಣ್ಣ, ಮತ್ತೆ ತಿರುಗಿಸು, ಮತ್ತೆ ಹೆರೆ. ನೀಲಿ ಎಲ್ಲ ಕಡೆ ಸಮನಾಗಿ ಅಂಟುವವರೆಗೂ ಇದೇ ಪಾಡು! ತಾಳ್ಮೆ ಇಲ್ಲದವರು ಈ ಕಸುಬಿನ ಹತ್ತಿರವೂ ಸುಳಿಯಬಾರದು.

ಹಳೇ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಮೇಲೆ ತೇಲುವ ಬೆಂಡಿನ ತುಂಡೊಂದು ಇರುತ್ತಿತ್ತು. ಅದು ಪೆಟ್ರೋಲ್ ಹೀರದಿರಲಿ ಅಂತ ಮೇಲೆ ಅರಗಿನ ಲೇಪ. ಈಗ ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲಿಗೆ ಅರಗು ಕರಗುತ್ತೆ! ಬೆಂಡು ನೆನೆದು ಮುಳುಗುತ್ತೆ, ಪೆಟ್ರೋಲ್ ತುಂಬಿ ಹೊರಗೆ ಹರಿಯುತ್ತೆ. ಮಹಾರಾಜರ ಕಾರನ್ನು ನಿಲ್ಲಿಸಲು ಇಷ್ಟು ಸಾಕು!

ಸಿರಿವಂತರ ಹುಚ್ಚಿಗೆ ಕೊನೆಯುಂಟೇ? ಬುಗಾಟಿ ರೋಯಲ್ ಕಾರಿನ ಎಂಜಿನ್ 12.7 ಲೀಟರಿನದು. ಒಂದು ರೋಯಲ್ ಕೊಂಡ ಫ್ರಾನ್ಸಿನ ಬಟ್ಟೆ ವ್ಯಾಪಾರಿ ಆರ್ಮಾಂಡ್ ಎಸ್ಡರ್ಸ್ ಹೆಡ್‌ಲೈಟೇ ಬೇಡ ಅಂದರಂತೆ. ಯಾಕೆ? ರಾತ್ರಿ ಹೊತ್ತು ಅವರು ಕಾರು ಓಡಿಸುವುದಿಲ್ಲ!

ಅದೇ ರೋಯಲ್ ಕಾರುಗಳಲ್ಲಿ ಇನ್ನೊಂದು ನ್ಯೂಯಾರ್ಕಿನ ಗುಜರಿ ಸೇರಿತ್ತು! ಚಳಿಗೆ ಒಳಗಿನ ನೀರು ಹೆಪ್ಪುಗಟ್ಟಿ ಎಂಜಿನ್ ಬ್ಲಾಕು ಸೀಳಿತ್ತು. 1940ರ ದಶಕದಲ್ಲಿ ಜನರಲ್ ಮೋಟಾರ್ಸ್ ಎಂಜಿನಿಯರ್ ಚಾರ್ಲ್ಸ್ ಚೇಯ್ನ್ ಅದನ್ನು ಕೊಂಡು ರಿಪೇರಿ ಮಾಡಿಸಿದರು. ಈಗ ಅದು ಹೆನ್ರಿ ಫೋರ್ಡ್ ಮ್ಯೂಸಿಯಮ್ಮಿನಲ್ಲಿದೆ. ಗುಜರಿಯವರು ಅದನ್ನು ತೂಕಕ್ಕೆ ಹಾಕಿ ಕರಗಿಸಿಬಿಟ್ಟಿದ್ದರೆ!

ಬುಗಾಟಿ ಅಟ್ಲಾಂಟಿಕ್ ಕಾರಿನ ನೆತ್ತಿಯಿಂದ ಬಾಲದವರೆಗೆ ರಿವೆಟ್ ಹೊಡೆದ ಏಣೊಂದಿದೆ. ಅಂದಕ್ಕೆ ಇಟ್ಟದ್ದು ಅಂದುಕೊಂಡಿರಾ? ಅದರ ಮೂಲ ಮಾದರಿಯನ್ನು ಮೆಗ್ನೀಸಿಯಂ ಮಿಶ್ರಲೋಹದಲ್ಲಿ ಮಾಡಿದ್ದರು. ವೆಲ್ಡಿಂಗ್ ಮಾಡಹೋದರೆ ಲೋಹವೇ ಹೊತ್ತಿಕೊಳ್ಳುತ್ತಿತ್ತು! ಅದಕ್ಕೇ ರಿವೆಟ್. ಆಮೇಲೆ ಅಲ್ಯೂಮಿನಿಯಂ ಬಂತು, ಏಣು ಹಾಗೇ ಉಳಿಯಿತು. ಮಾಡಿದ್ದು ನಾಲ್ಕೇ ಅಟ್ಲಾಂಟಿಕ್. ಅದರಲ್ಲೊಂದು ಯುದ್ಧದ ಗಲಾಟೆಯಲ್ಲಿ ಮಾಯವಾದದ್ದು ಇವತ್ತಿಗೂ ಸಿಕ್ಕಿಲ್ಲ!

ನಮ್ಮ ದೇಶದ ಹುಚ್ಚು ಕಡಿಮೆಯೇ? 1910ರಲ್ಲಿ ಕಲ್ಕತ್ತದ ಬೀದಿಯಲ್ಲಿ ಹಂಸವೊಂದು ಓಡಾಡಿತು. ರಾಬರ್ಟ್ ಮ್ಯಾಥ್ಯೂಸನ್ ಎಂಬ ಇಂಗ್ಲಿಷ್ ಸಾಹೇಬರು ಮಾಡಿಸಿದ ಕಾರು ಅದು. ದಾರಿ ಬಿಡದವರ ಮೇಲೆ ಹಂಸದ ಕೊಕ್ಕಿನಿಂದ ಬುಸ್ಸೆಂದು ಹಬೆ! ಹಿಂದಿನಿಂದ ರಸ್ತೆಗೆ ಚೆಲ್ಲುತ್ತಿದ್ದುದು ಸುಣ್ಣದ ನೀರು, ಹಂಸ ಹಿಕ್ಕೆ ಹಾಕಿದ ಹಾಗೆ! ಜನ ದಿಕ್ಕಾಪಾಲಾದರು, ಪೊಲೀಸರು ಬೀದಿಗೆ ತರಬೇಡಿ ಅಂದರು. ಆಮೇಲೆ ಅದು ನಾಭಾ ಮಹಾರಾಜರ ಪಾಲಾಯಿತು. ಬಹುಕಾಲ ಮೂಲೆ ಸೇರಿ ಹಾಳಾಗಿದ್ದ ಹಂಸಕ್ಕೆ ನೆದರ್ಲೆಂಡ್ಸ್‌ನ ಲೌಮನ್ ಮ್ಯೂಸಿಯಂ ಮತ್ತೆ ಜೀವ ಕೊಟ್ಟಿತು. ಈಗ ಅಲ್ಲೇ ಇದೆ. ನನ್ನನ್ನು ಕೇಳಿದರೆ, ಲೋಕದ ಅತಿ ತರಲೆ ಕಾರು ಇದೇ!

ಹಳೇ ಕಾರು ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಧರ್ಮಸ್ಥಳದ ಸಂಗ್ರಹದಲ್ಲಿ ಬೇಕಾದಷ್ಟಿವೆ. ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರದೇ 'ಪಯಣ' ಎಂಬ ಕಾರು ಮ್ಯೂಸಿಯಂ ಕೂಡ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿ.

50 ವರ್ಷ ದಾಟಿದ ಕಾರಿಗೆ ನಮ್ಮಲ್ಲಿ ಬೇರೆಯದೇ ನಂಬರ್ ಪ್ಲೇಟ್ ಸಿಗುತ್ತೆ, ಗೊತ್ತೇ? 2021ರ ನಿಯಮದಂತೆ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂದಿರುತ್ತೆ. ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ದಿನಾ ಆಫೀಸಿಗೆ ಓಡಿಸುವಂತಿಲ್ಲ! ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ ರಸ್ತೆಗಿಳಿಯಬಹುದು.

ಇಷ್ಟೆಲ್ಲ ಕಷ್ಟಪಟ್ಟು ಫಳಫಳ ಹೊಳೆಯಿಸಿದ ಕಾರೇ ಗೆಲ್ಲುತ್ತೆ ಅಂದುಕೊಂಡಿರಾ? 1925ರ ಬುಗಾಟಿಯೊಂದು ಮಾಜೋರೆ ಸರೋವರದ ತಳದಲ್ಲಿ 73 ವರ್ಷ ಮುಳುಗಿತ್ತು. 2009ರಲ್ಲಿ ಮೇಲೆತ್ತಿದಾಗ ಉಳಿದಿದ್ದದ್ದು ತುಕ್ಕು ತಿಂದ ಅಸ್ಥಿಪಂಜರ. ಮರುವರ್ಷದ ಹರಾಜಿನಲ್ಲಿ ಅದು 2,60,500 ಯೂರೋಗೆ ಹೋಯಿತು! ಕೊಂಡವರು ತುಕ್ಕನ್ನು ಹಾಗೇ ಬಿಟ್ಟರು.

2024ರಲ್ಲಂತೂ ಅಮೆರಿಕದ ಪೆಬಲ್ ಬೀಚ್ ಕಾರು ಸ್ಪರ್ಧೆಯ ಅತ್ಯುನ್ನತ ಬಹುಮಾನ ರಿಪೇರಿ ಮಾಡಿ ಹೊಸದಾಗಿಸದ ಕಾರಿಗೇ ಬಂತು. 1934ರ ಬುಗಾಟಿ ಅದು, ಹಿಂದೊಮ್ಮೆ ಬೆಲ್ಜಿಯಂ ದೊರೆಯ ಬಳಿ ಇದ್ದದ್ದು. ಅಲ್ಲಿ ಇಂಥ ಕಾರು ಗೆದ್ದದ್ದು ಅದೇ ಮೊದಲು! ನಿಮ್ಮ ಅಜ್ಜನ ಮನೆಯ ಶೆಡ್ಡಿನಲ್ಲೇನಾದರೂ ಹಳೇ ಕಾರಿದ್ದರೆ ದಯವಿಟ್ಟು ಪೇಂಟ್ ಡಬ್ಬಿ ಕೈಗೆತ್ತಿಕೊಳ್ಳಬೇಡಿ. ಮೊದಲು ತಿಳಿದವರಿಗೆ ತೋರಿಸಿ!