ಎಂಟನೇ ಕ್ಲಾಸಲ್ಲಿ ಮಾತ್ರ ಸಿಗೋ ಚಾನ್ಸ್: ಎನ್‌ಎಂಎಂಎಸ್ ಪರೀಕ್ಷೆ

ಇವತ್ತಿನ ಎಪಿಸೋಡ್ ನಿಮಗಲ್ಲ, ನಿಮ್ಮ ಮನೇಲಿ ಎಂಟನೇ ಕ್ಲಾಸ್ ಓದ್ತಿರೋ ತಮ್ಮನಿಗೋ ತಂಗಿಗೋ. ಅವರಂತೂ ಪಾಡ್‌ಕಾಸ್ಟ್ ಕೇಳಲ್ಲ, ಹಾಗಾಗಿ ನೀವೇ ಕೇಳಿಸ್ಕೊಂಡು ಹೇಳಿ.

ಎನ್‌ಎಂಎಂಎಸ್ ಅನ್ನೋದು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್, 2008ರಲ್ಲಿ ಶುರುವಾಗಿದ್ದು. ಆಯ್ಕೆಯಾದ್ರೆ ಒಂಬತ್ತನೇ ತರಗತಿಯಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ದೊಡ್ಡ ಮೊತ್ತ ಅಲ್ಲದಿರಬಹುದು. ಆದ್ರೆ "ಎಸ್ಸೆಸ್ಸೆಲ್ಸಿ ಸಾಕು, ಕೆಲಸಕ್ಕೆ ಹೋಗು" ಅನ್ನೋ ಮನೇಲಿ ಆ ಮಾತನ್ನ ಎರಡು ವರ್ಷ ಮುಂದೂಡೋಕೆ ಇಷ್ಟು ಸಾಕಾಗುತ್ತೆ.

ಸರ್ಕಾರಿ, ಅನುದಾನಿತ ಶಾಲೆ ಮಕ್ಕಳಿಗೆ ಮಾತ್ರ. ಅಪ್ಪ-ಅಮ್ಮನ ಆದಾಯ ವರ್ಷಕ್ಕೆ ಮೂರೂವರೆ ಲಕ್ಷ ದಾಟಬಾರದು, ಏಳನೇ ಕ್ಲಾಸಲ್ಲಿ ಶೇ. 55 ಬಂದಿರಬೇಕು (ಎಸ್‌ಸಿ, ಎಸ್‌ಟಿಗೆ 50). ಪರೀಕ್ಷೆ ಬರೆಯೋದು ಎಂಟನೇ ಕ್ಲಾಸಲ್ಲಿದ್ದಾಗ ಮಾತ್ರ. ನಾನೂ ಅನುದಾನಿತ ಶಾಲೇಲೇ ಓದಿದ್ದು. ಆಗ ವರ್ಷಕ್ಕೆ 6,000 ಇತ್ತು. ಇಂಥದ್ದೊಂದು ಇತ್ತು ಅಂತ ನನಗೆ ಗೊತ್ತಾಗಿದ್ದು ಬಿಕಾಂ ಸೇರಿದ್ಮೇಲೆ!

ಎರಡು ಪೇಪರ್, ತಲಾ 90 ಪ್ರಶ್ನೆ, 90 ನಿಮಿಷ. ಒಂದರಲ್ಲಿ ವಿಜ್ಞಾನ, ಸಮಾಜ, ಗಣಿತ. ಏಳು-ಎಂಟನೇ ಕ್ಲಾಸಿನ ಪಠ್ಯ ಓದಿದ್ರೆ ನಡೆಯುತ್ತೆ. ಮಕ್ಕಳು ಸಿಕ್ಕಿಹಾಕ್ಕೊಳ್ಳೋದು ಇನ್ನೊಂದರಲ್ಲಿ, ಮೆಂಟಲ್ ಎಬಿಲಿಟಿ ಪೇಪರ್‌ನಲ್ಲಿ. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಉದಾಹರಣೆಗೆ: 2, 6, 12, 20, 30, ಮುಂದೇನು? ಒಂದೆರಡ್ಲಿ, ಎರಡ್ಮೂರ್ಲಿ, ಮೂರ್ನಾಲ್ಕ್ಲಿ ಅಂತ ಹೋಗ್ತಿದೆ. ಹಾಗಾದ್ರೆ ಆರೇಳ್ಲಿ 42. ಹಿಂದೆ ನೋಡಿದ್ದವರಿಗೆ ಹತ್ತು ಸೆಕೆಂಡ್, ಮೊದಲ ಸಲ ನೋಡೋರಿಗೆ ಐದು ನಿಮಿಷ. ಬುದ್ಧಿ ಇಬ್ಬರಿಗೂ ಒಂದೇ, ಅಭ್ಯಾಸ ಬೇರೆ ಅಷ್ಟೆ. ಇಲ್ಲೇ ನೀವು ಬೇಕಾಗೋದು. ಹಳೇ ಪ್ರಶ್ನೆಪತ್ರಿಕೆ ತಂದು, ಭಾನುವಾರ ಒಂದು ಗಂಟೆ ಜೊತೆ ಕೂತ್ಕೊಳ್ಳಿ. ಉತ್ತರ ಹೇಳ್ಕೊಡ್ಬೇಡಿ, ಅವರೇ ಒದ್ದಾಡ್ಲಿ.

ಅರ್ಜಿ ಶಾಲೆ ಮೂಲಕವೇ ಹೋಗಬೇಕು. ಹೆಡ್‌ಮಾಸ್ಟರ್ ಹೇಳ್ತಾರೆ ಅಂತ ಕಾಯ್ಬೇಡಿ, ಹೋಗಿ ಕೇಳಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಈಗ್ಲೇ ಮಾಡಿಸಿಟ್ಕೊಳ್ಳಿ. ಆಧಾರ್‌ನಲ್ಲಿರೋ ಹೆಸರೂ ಶಾಲೆ ದಾಖಲೆಯಲ್ಲಿರೋ ಹೆಸರೂ ಒಂದೇನಾ ನೋಡಿ. ಒಂದು ಇನಿಷಿಯಲ್ ಸಾಕು, ತಲೆನೋವಿಗೆ.

ಪಾಸಾದ ಮೇಲೂ ದುಡ್ಡು ಕೈತಪ್ಪೋದಿದೆ. ಪ್ರತಿ ವರ್ಷ ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ನವೀಕರಣ ಮಾಡ್ಬೇಕು. ಪಿಯುಸಿಯಲ್ಲೂ ಮುಂದುವರಿಯೋಕೆ ಎಸ್ಸೆಸ್ಸೆಲ್ಸಿಯಲ್ಲಿ ಶೇ. 60 ಬೇಕು, ಎಸ್‌ಸಿ, ಎಸ್‌ಟಿಗೆ 55. ತುಂಬಾ ಜನ ಗಮನಿಸದ ವಿಷಯ ಇನ್ನೊಂದಿದೆ: ಸೇರೋ ಪಿಯು ಕಾಲೇಜೂ ಸರ್ಕಾರಿ ಅಥವಾ ಅನುದಾನಿತ ಆಗಿರ್ಬೇಕು. ಬೋರ್ಡ್ ನೋಡಿ ಖಾಸಗಿ ಕಾಲೇಜಿಗೆ ಸೇರಿಸಿದ್ರೆ ಉಳಿದ 24,000 ಅಲ್ಲಿಗೆ ನಿಂತುಹೋಗುತ್ತೆ.

ನನ್ನ ಚಿಕ್ಕಮ್ಮನ ಮಗಳು ಈ ವರ್ಷ ಬರೀತಿದ್ದಾಳೆ. ನಿನ್ನೆ ಫೋನ್ ಮಾಡಿ, "ಅಕ್ಕಾ, ಕನ್ನಡಿ ಪ್ರತಿಬಿಂಬದ ಪ್ರಶ್ನೆ ಅರ್ಥ ಆಗ್ತಿಲ್ಲ" ಅಂದ್ಲು. ವಿಡಿಯೋ ಕಾಲಲ್ಲಿ ಇಬ್ಬರೂ ಕನ್ನಡಿ ಹಿಡ್ಕೊಂಡು ಅರ್ಧ ಗಂಟೆ ಕೂತಿದ್ವಿ.