ಸೇನಾ ರಕ್ಷಾಕವಚಗಳ ಖರೀದಿ ಮತ್ತು ಮಾರಾಟದ ಕಾನೂನು ತೊಡಕುಗಳು

ಸೇನಾ ರಕ್ಷಾಕವಚ ಎಂದರೆ ಸಶಸ್ತ್ರ ಪಡೆಗಳು ತಮ್ಮ ಸಿಬ್ಬಂದಿಗೆ ಸೇವೆಯ ಅವಧಿಯಲ್ಲಿ ಬಳಸಲು ನೀಡುವ ಗುಂಡುನಿರೋಧಕ ಜಾಕೆಟ್, ಅದರೊಳಗಿನ ಗಟ್ಟಿ ಫಲಕಗಳು ಮತ್ತು ಶಿರಸ್ತ್ರಾಣ. ಭಾರತದಲ್ಲಿ ಇವು ಸರ್ಕಾರದ ಆಸ್ತಿಯಾಗಿದ್ದು, ಸೈನಿಕನ ವಶದಲ್ಲಿ ಮಾತ್ರ ಇರುತ್ತವೆ. ಆದ್ದರಿಂದ ಇವುಗಳ ಖಾಸಗಿ ಮಾರಾಟ ಮಾರುವವನಿಗೂ ಕೊಳ್ಳುವವನಿಗೂ ಅಪರಾಧವಾಗಿ ಪರಿಣಮಿಸಬಹುದು. ಇಂತಹ ಪ್ರಕರಣಗಳಲ್ಲಿ ವಸ್ತು ಸರ್ಕಾರದ ಉಗ್ರಾಣದಿಂದ ಹೇಗೆ ಹೊರಬಂದಿತು ಎಂಬುದೇ ಮೊದಲ ಪ್ರಶ್ನೆ.

ಬೆಳಗಾವಿ ನಗರವು 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರ ಸ್ಥಾನವಾಗಿದೆ. ಅದೇ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ತಾಲ್ಲೂಕುಗಳಲ್ಲಿ ಈ ವಿಷಯ ಎದುರಾಗಬಹುದಾದ ಸಂದರ್ಭಗಳು ಸಾಮಾನ್ಯವಾದವು: ನಿವೃತ್ತ ಸೈನಿಕನ ಟ್ರಂಕಿನಲ್ಲಿ ಉಳಿದ ಸಾಮಗ್ರಿ, ಗುಜರಿ ಅಂಗಡಿಗೆ ಬಂದ ಜಾಕೆಟ್, ಅಂತರ್ಜಾಲದಲ್ಲಿ ಕಂಡ ಅಗ್ಗದ ಜಾಹೀರಾತು.

ಮಾರುವವನ ಹೊಣೆ

ಸೇನಾ ಅಧಿನಿಯಮ, 1950ರ ಕಲಂ 54ರ ಪ್ರಕಾರ, ತನ್ನ ಬಳಕೆಗೆ ಕೊಟ್ಟ ಅಥವಾ ತನಗೆ ವಹಿಸಿಕೊಟ್ಟ ಸರ್ಕಾರಿ ಆಯುಧ, ಸಲಕರಣೆ ಅಥವಾ ಉಡುಪನ್ನು ಪರಭಾರೆ ಮಾಡಿದ ಸೈನಿಕನಿಗೆ ಸೇನಾ ನ್ಯಾಯಾಲಯವು 10 ವರ್ಷಗಳವರೆಗೆ ಕಾರಾಗೃಹ ವಾಸ ವಿಧಿಸಬಹುದು. ಅಜಾಗರೂಕತೆಯಿಂದ ಕಳೆದುಕೊಂಡರೂ ಅಪರಾಧವೇ. ಅದಕ್ಕೆ ಗರಿಷ್ಠ 5 ವರ್ಷ. ನಿವೃತ್ತಿಯಿಂದ ಈ ಹೊಣೆ ತಕ್ಷಣ ಕಳಚುವುದಿಲ್ಲ. ಕಲಂ 123ರಂತೆ, ಸೇವೆಯಲ್ಲಿದ್ದಾಗ ಎಸಗಿದ ಕೃತ್ಯಕ್ಕೆ ಸೇವೆ ಮುಗಿದ ಮೂರು ವರ್ಷಗಳೊಳಗೆ ಸೇನಾ ವಿಚಾರಣೆ ಆರಂಭಿಸಬಹುದು. ಆ ಅವಧಿ ಕಳೆದ ಮೇಲೂ ಸಾಮಾನ್ಯ ಕ್ರಿಮಿನಲ್ ನ್ಯಾಯಾಲಯದ ದಾರಿ ಮುಚ್ಚುವುದಿಲ್ಲ. ಸರ್ಕಾರಿ ನೌಕರನು ಎಸಗುವ ನಂಬಿಕೆ ದ್ರೋಹಕ್ಕೆ ಭಾರತೀಯ ನ್ಯಾಯ ಸಂಹಿತೆ, 2023ರ ಕಲಂ 316(5) ಜೀವಾವಧಿಯವರೆಗಿನ ಶಿಕ್ಷೆಯನ್ನು ಹೇಳುತ್ತದೆ.

ಸೈನಿಕನು ಉಡುಪು ಭತ್ಯೆಯಿಂದ ಅಥವಾ ಸ್ವಂತ ಹಣದಿಂದ ಕೊಂಡ ಬಟ್ಟೆಬರೆ ಈ ವ್ಯಾಪ್ತಿಗೆ ಸೇರುವುದಿಲ್ಲ. ಎಲ್ಲ ಹಳೆಯ ಸೇನಾ ಸಾಮಾನುಗಳನ್ನೂ ಒಂದೇ ರೀತಿ ಕಾಣುವುದು ಜನರಲ್ಲಿ ರೂಢಿಯಾದರೂ, ಕಾನೂನಿನ ದೃಷ್ಟಿಯಲ್ಲಿ ಎರಡರ ನಡುವೆ ದೊಡ್ಡ ಅಂತರವಿದೆ.

ಕೊಳ್ಳುವವನ ಹೊಣೆ

ನಾಗರಿಕ ಖರೀದಿದಾರನಿಗೆ ಸೇನಾ ಅಧಿನಿಯಮ ಅನ್ವಯಿಸದಿದ್ದರೂ ನ್ಯಾಯ ಸಂಹಿತೆಯ ಕಲಂ 317 ಅನ್ವಯಿಸುತ್ತದೆ. ಕಳವಿನಿಂದ ಮಾತ್ರವಲ್ಲದೆ ನಂಬಿಕೆ ದ್ರೋಹದಿಂದ ಕೈಬದಲಾದ ವಸ್ತುವೂ ಇಲ್ಲಿ ‘ಕಳವಿನ ಸ್ವತ್ತು’. ಹಾಗೆಂದು ತಿಳಿದೋ, ನಂಬಲು ಕಾರಣವಿದ್ದೋ ಅಪ್ರಾಮಾಣಿಕವಾಗಿ ಪಡೆದವನಿಗೆ 3 ವರ್ಷಗಳವರೆಗೆ ಕಾರಾಗೃಹ ವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಇದನ್ನೇ ವ್ಯಾಪಾರವಾಗಿಸಿಕೊಂಡು ಪದೇಪದೇ ಕೊಂಡು ಮಾರುವವನಿಗೆ ಜೀವಾವಧಿ ಅಥವಾ 10 ವರ್ಷಗಳವರೆಗಿನ ಶಿಕ್ಷೆ ಇದೆ. 2024ರ ಜುಲೈ 1ಕ್ಕೆ ಮೊದಲಿನ ಕೃತ್ಯಗಳಿಗೆ ಭಾರತೀಯ ದಂಡ ಸಂಹಿತೆಯ ಕಲಂ 411 ಮತ್ತು 413 ಅನ್ವಯವಾಗುತ್ತವೆ.

‘ನಂಬಲು ಕಾರಣ’ ಎಂಬ ಮಾತಿನಲ್ಲಿಯೇ ಖರೀದಿದಾರನ ನಿಜವಾದ ಅಪಾಯವಿದೆ. ರಕ್ಷಣಾ ಸಚಿವಾಲಯವು 2018ರ ಏಪ್ರಿಲ್‌ನಲ್ಲಿ 1,86,138 ಜಾಕೆಟ್‌ಗಳಿಗಾಗಿ 639 ಕೋಟಿ ರೂಪಾಯಿಗಳ ಒಪ್ಪಂದ ಮಾಡಿಕೊಂಡಿತು. ಅಂದರೆ ಒಂದಕ್ಕೆ ಸರಾಸರಿ ಸುಮಾರು 34 ಸಾವಿರ ರೂಪಾಯಿ. ಅಂತಹ ಜಾಕೆಟ್ ಎರಡು-ಮೂರು ಸಾವಿರಕ್ಕೆ, ರಸೀದಿಯಿಲ್ಲದೆ, ಒಳಗಿನ ಸರಣಿ ಸಂಖ್ಯೆಯನ್ನು ಕೆರೆದು ಅಳಿಸಿದ ಸ್ಥಿತಿಯಲ್ಲಿ ದೊರೆತರೆ, ‘ನನಗೆ ಗೊತ್ತಿರಲಿಲ್ಲ’ ಎಂಬ ಸಮರ್ಥನೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಇತ್ತೀಚೆಗೆ ಕಳವಾದ ವಸ್ತು ಯಾರ ಬಳಿ ಸಿಕ್ಕಿತೋ ಅವನು ಸಮಾಧಾನಕರ ವಿವರಣೆ ಕೊಡದಿದ್ದರೆ, ಅವನೇ ಕಳ್ಳ ಅಥವಾ ತಿಳಿದೇ ಪಡೆದವನು ಎಂದು ಊಹಿಸಲು ಸಾಕ್ಷ್ಯ ಕಾನೂನು ಅವಕಾಶ ನೀಡುತ್ತದೆ. ಕರ್ನಾಟಕ ಪೊಲೀಸ್ ಅಧಿನಿಯಮ, 1963ರ ಕಲಂ 98 ಕೂಡ ತೃಪ್ತಿಕರ ಲೆಕ್ಕ ಕೊಡಲಾಗದ ಸ್ವತ್ತನ್ನು ಇಟ್ಟುಕೊಂಡಿರುವುದಕ್ಕೆ ಸಂಬಂಧಿಸಿದ್ದು. ಗುಜರಿ ವ್ಯಾಪಾರಿಗಳಿಗೆ ಇದರ ಪರಿಚಯ ಹೆಚ್ಚು.

ಖರೀದಿದಾರ ಸಂಪೂರ್ಣ ನಿರಪರಾಧಿ ಎಂದು ತೀರ್ಮಾನವಾದರೂ ಜಾಕೆಟ್ ಅವನದಾಗುವುದಿಲ್ಲ. ಸರಕು ಮಾರಾಟ ಅಧಿನಿಯಮ, 1930ರ ಕಲಂ 27ರ ಸಾಮಾನ್ಯ ನಿಯಮದಂತೆ, ತನಗಿಲ್ಲದ ಹಕ್ಕನ್ನು ಮಾರಾಟಗಾರ ಮತ್ತೊಬ್ಬರಿಗೆ ಕೊಡಲಾರ. ವಸ್ತುವನ್ನು ಪೊಲೀಸರು ಜಪ್ತಿ ಮಾಡಬಹುದು. ಕೊಟ್ಟ ಹಣಕ್ಕೆ ಮಾರಿದವನ ಮೇಲೆ ಸಿವಿಲ್ ದಾವೆ ಹೂಡಬೇಕಾಗುತ್ತದೆ, ಅವನು ಸಿಕ್ಕರೆ!

ಸಕ್ರಮ ಮಾರ್ಗ

ಬಳಕೆಗೆ ಬಾರದ ಸರ್ಕಾರಿ ಸಾಮಗ್ರಿಯ ವಿಲೇವಾರಿ ಸಾಮಾನ್ಯವಾಗಿ ಹರಾಜಿನ ಮೂಲಕ ನಡೆಯುತ್ತದೆ. ಕೇಂದ್ರ ಸರ್ಕಾರದ ಉದ್ಯಮವಾದ ಎಂಎಸ್‌ಟಿಸಿ ಇಂತಹ ವಿದ್ಯುನ್ಮಾನ ಹರಾಜುಗಳನ್ನು ನಡೆಸುತ್ತದೆ. ಹರಾಜಿನಲ್ಲಿ ಕೊಂಡವನ ಬಳಿ ಇರುವ ಮಾರಾಟ ಮತ್ತು ವಿತರಣಾ ಆದೇಶಗಳೇ ಒಡೆತನದ ಪುರಾವೆ. ಮುಂದೆ ಮಾರುವಾಗಲೂ ಅವುಗಳ ಪ್ರತಿ ಜೊತೆಗಿರಬೇಕು. ಖಾಸಗಿ ತಯಾರಕರಿಂದ ನೇರವಾಗಿ ಕೊಂಡ ಜಾಕೆಟ್‌ಗೆ ಮೇಲಿನ ಒಡೆತನದ ಪ್ರಶ್ನೆ ಏಳುವುದಿಲ್ಲ. ಇವುಗಳ ಗುಣಮಟ್ಟಕ್ಕೆ ಭಾರತೀಯ ಮಾನಕ ಬ್ಯೂರೋ 2018ರಲ್ಲಿ ಐಎಸ್ 17051 ಎಂಬ ಮಾನಕವನ್ನು ಪ್ರಕಟಿಸಿದೆ.

ಧರಿಸುವಿಕೆ

ಸೈನಿಕನೆಂದು ಇತರರು ನಂಬಲಿ ಎಂಬ ಉದ್ದೇಶದಿಂದ ಸೈನಿಕರ ಉಡುಪನ್ನು ಹೋಲುವ ಉಡುಪು ಧರಿಸುವುದು ನ್ಯಾಯ ಸಂಹಿತೆಯ ಕಲಂ 168ರಡಿ ಅಪರಾಧ. ಶಿಕ್ಷೆ 3 ತಿಂಗಳವರೆಗೆ ಕಾರಾಗೃಹ ವಾಸ, 2,000 ರೂಪಾಯಿಗಳವರೆಗೆ ದಂಡ ಅಥವಾ ಎರಡೂ. ಖಾಸಗಿ ಭದ್ರತಾ ಸಂಸ್ಥೆಗಳ ಕಾವಲುಗಾರರ ವಿಷಯದಲ್ಲಿ ನಿಯಮ ಇನ್ನೂ ಬಿಗಿ. 2005ರ ಖಾಸಗಿ ಭದ್ರತಾ ಸಂಸ್ಥೆಗಳ (ನಿಯಂತ್ರಣ) ಅಧಿನಿಯಮದ ಕಲಂ 21ರಂತೆ, ಸೇನೆ ಅಥವಾ ಪೊಲೀಸರ ಸಮವಸ್ತ್ರದಂತೆ ತೋರುವ ಉಡುಪು ಧರಿಸಿದ ಕಾವಲುಗಾರನ ಜೊತೆಗೆ ಸಂಸ್ಥೆಯ ಮಾಲೀಕನೂ ಶಿಕ್ಷೆಗೆ ಗುರಿಯಾಗುತ್ತಾನೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದವರು ಸೇನಾ ಉಡುಪಿನಲ್ಲಿ ಬಂದಿದ್ದರು. ಆ ಬಳಿಕ, ಸೇನಾ ಮಾದರಿಯ ಬಟ್ಟೆಗಳನ್ನು ಮಾರಬಾರದು, ಧರಿಸಬಾರದು ಎಂದು ಸೇನೆ ಸಾರ್ವಜನಿಕರಲ್ಲಿ ಮನವಿ ಮಾಡಿತು. 2022ರಲ್ಲಿ ಬಂದ ಹೊಸ ಯುದ್ಧ ಸಮವಸ್ತ್ರದ ವಿನ್ಯಾಸವನ್ನು ಸೇನೆ ತನ್ನ ಹೆಸರಿನಲ್ಲಿ ನೋಂದಾಯಿಸಿಕೊಂಡಿರುವುದರಿಂದ ಅದರ ನಕಲು ಮಾರಾಟಕ್ಕೂ ದಾವೆ ಹೂಡಬಹುದು.

ಗಡಿಯಾಚೆಗಿನ ವ್ಯವಹಾರ

ಸೇನಾ ದರ್ಜೆಯ ರಕ್ಷಾಕವಚವು ರಫ್ತು ನಿಯಂತ್ರಣದ ‘ಸ್ಕೋಮೆಟ್’ ಪಟ್ಟಿಯ 6ನೇ ವರ್ಗದಲ್ಲಿದ್ದು, ಅನುಮತಿಯಿಲ್ಲದೆ ವಿದೇಶದ ಗ್ರಾಹಕನಿಗೆ ಅಂಚೆಯಲ್ಲಿ ಕಳುಹಿಸುವುದೂ ಅಪರಾಧ.

ಪುರಾತನ ಕವಚಗಳು

ಕಿತ್ತೂರು ಸಂಸ್ಥಾನದ ಕಾಲದ ಸರಪಳಿ ಅಂಗಿ, ಎದೆಗವಚ, ಗುರಾಣಿಗಳಂತಹ ವಸ್ತುಗಳಿಗೆ ಬೇರೆಯೇ ಕಾನೂನು ಅನ್ವಯಿಸುತ್ತದೆ. ನೂರು ವರ್ಷಕ್ಕಿಂತ ಹಳೆಯದಾದ ಇವು ಪುರಾವಸ್ತುಗಳು ಮತ್ತು ಕಲಾ ನಿಧಿಗಳ ಅಧಿನಿಯಮ, 1972ರಡಿ ಪುರಾವಸ್ತುಗಳೆನಿಸಬಹುದು. ಮನೆತನದ ಆಸ್ತಿಯಾಗಿ ಬಂದಿದ್ದರೂ ಖಾಸಗಿಯವರು ಇವನ್ನು ರಫ್ತು ಮಾಡುವಂತಿಲ್ಲ. ಇವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು.